ಆಪರೇಷನ್‌ಗೆ ಮುಂಚೆ ಡಾಕ್ಟರು ಜಾತಿ ಕೇಳುವುದೇಕೆ?

ವೇಮಗಲ್ ಕಡೆಯಿಂದ ಕೋಲಾರಕ್ಕೋ ಬೆಂಗಳೂರಿಗೋ ಆಪರೇಷನ್‌ಗೆ ಹೋದವರನ್ನು ಅರಿವಳಿಕೆ ಡಾಕ್ಟರು ಮೊದಲೇ ಬಂದು ನೋಡುತ್ತಾರೆ. ಬಿಪಿ, ಶುಗರ್ ವಿಚಾರಿಸಿದ ಮೇಲೆ ಕೆಲವೊಮ್ಮೆ ಇನ್ನೊಂದು ಪ್ರಶ್ನೆ ಬರುತ್ತದೆ: "ನೀವು ಆರ್ಯವೈಶ್ಯರಾ?" ಆಸ್ಪತ್ರೆಯಲ್ಲೂ ಜಾತಿ ಯಾಕಪ್ಪಾ ಎಂದು ಸಿಟ್ಟು ಬರುವುದು ಸಹಜ. ಆದರೆ ಈ ಪ್ರಶ್ನೆಯ ಹಿಂದೆ ಎಪ್ಪತ್ತು ವರ್ಷದ ಕಥೆ ಇದೆ.

1950ರ ದಶಕದ ಆರಂಭದಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಇಂಜೆಕ್ಷನ್ ಬಳಕೆಗೆ ಬಂತು. ಇದನ್ನು ಕೊಟ್ಟ ಒಂದು ನಿಮಿಷದಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಉಸಿರಾಟವೂ ನಿಲ್ಲುತ್ತದೆ. ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ಉಸಿರು ಕೊಡುತ್ತಾರೆ. ನಮ್ಮ ರಕ್ತದಲ್ಲಿರುವ ಒಂದು ಕಿಣ್ವ ಈ ಮದ್ದನ್ನು ಒಡೆದುಹಾಕುತ್ತದೆ. ಐದು-ಹತ್ತು ನಿಮಿಷದಲ್ಲಿ ಉಸಿರು ತಾನಾಗಿ ಮರಳುತ್ತದೆ.

ಕೆಲವರಿಗೆ ಮಾತ್ರ ಗಂಟೆಗಟ್ಟಲೆ ಮರಳಲಿಲ್ಲ. ಕೆನಡಾದ ಟೊರಾಂಟೊದಲ್ಲಿ ವರ್ನರ್ ಕಾಲೊ ಎಂಬ ವಿಜ್ಞಾನಿ ಇಂಥವರ ರಕ್ತ ಪರೀಕ್ಷಿಸಿದರು. ಅವರ ಕಿಣ್ವವೇ ಬೇರೆ ತರಹ, ಅದು ಅಪ್ಪ-ಅಮ್ಮನಿಂದ ಬಂದದ್ದು ಎಂದು ತೋರಿಸಿದರು. 1957ರಲ್ಲಿ ಅದನ್ನು ಪತ್ತೆ ಮಾಡುವ ರಕ್ತ ಪರೀಕ್ಷೆಯನ್ನೂ ಪ್ರಕಟಿಸಿದರು. ವಂಶವಾಹಿ ನೋಡಿ ಮದ್ದು ಆರಿಸುವ ವಿದ್ಯೆಗೆ ಬುನಾದಿ ಹಾಕಿದ ಕೆಲಸಗಳಲ್ಲಿ ಇದೂ ಒಂದು. 1959ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋಗಲ್ ಆ ವಿದ್ಯೆಗೆ 'ಫಾರ್ಮಕೊಜೆನೆಟಿಕ್ಸ್' ಎಂದು ಹೆಸರಿಟ್ಟರು.

ಈ ಕಥೆ ನಮ್ಮ ಕಡೆಗೆ ಬಂದದ್ದು ಕೊಯಮತ್ತೂರಿನ ಮೂಲಕ. ಅಲ್ಲಿನ ಸಂಶೋಧಕರು ಆರ್ಯವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಕೊರತೆ ಹೆಚ್ಚಾಗಿರುವುದನ್ನು ಗಮನಿಸಿದರು. ಅದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನು 2006ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ತಂಡದವರು 2017ರಲ್ಲಿ ಹೇಳಿದಂತೆ, ಬೇರೆಯವರಿಗಿಂತ ಈ ಸಮುದಾಯದಲ್ಲಿ ಈ ಕೊರತೆ ಸುಮಾರು 100 ಪಟ್ಟು ಹೆಚ್ಚು.

ಯಾಕೆ ಹೀಗೆ? ಇವತ್ತು ಲಕ್ಷಗಟ್ಟಲೆ ಇರುವ ಈ ಜನ ಹಿಂದೊಮ್ಮೆ ಕೆಲವೇ ಕುಟುಂಬಗಳಿಂದ ಬೆಳೆದವರು, ಆಮೇಲೆ ತಮ್ಮೊಳಗೇ ಮದುವೆ ಮಾಡಿಕೊಂಡವರು ಎನ್ನುತ್ತದೆ ವಿಜ್ಞಾನ. ಬರಗಾಲದಲ್ಲಿ ಉಳಿದ ನಾಲ್ಕು ರಾಗಿ ತೆನೆಯ ಬೀಜದಿಂದಲೇ ಮತ್ತೆ ಹೊಲ ತುಂಬಿಸಿದ ಹಾಗೆ. ಆ ನಾಲ್ಕರಲ್ಲಿ ಒಂದಕ್ಕೆ ಇದ್ದ ಗುಣ ಹೊಲದ ತುಂಬ ಹರಡುತ್ತದೆ. ವಾಸವಿ ಕನ್ನಿಕಾ ಪರಮೇಶ್ವರಿಯ ಪುರಾಣದಲ್ಲೂ ಇಂಥದೇ ಮಾತಿದೆ: ಪೆನುಗೊಂಡದಲ್ಲಿ 714 ಗೋತ್ರಗಳ ಪೈಕಿ 102 ಗೋತ್ರದವರು ಮಾತ್ರ ಅಮ್ಮನ ಜೊತೆ ನಿಂತರು. ಪುರಾಣ ಬೇರೆ, ವಂಶವಾಹಿ ಬೇರೆ. ಆದರೂ ಒಂದು ಸಮುದಾಯ ಕೆಲವರಿಂದ ಬೆಳೆದ ನೆನಪು ಎರಡರಲ್ಲೂ ಇದೆ.

ಇದು ಕಾಯಿಲೆಯಲ್ಲ. ಈ ಕೊರತೆ ಇರುವವರು ಎಲ್ಲರಂತೆ ಆರೋಗ್ಯವಾಗಿ ಬದುಕುತ್ತಾರೆ. ಆ ಇಂಜೆಕ್ಷನ್ ಚುಚ್ಚುವವರೆಗೆ ಗೊತ್ತೇ ಆಗುವುದಿಲ್ಲ. ಗೊತ್ತಿದ್ದರೆ ಡಾಕ್ಟರು ಬೇರೆ ಮದ್ದು ಆರಿಸುತ್ತಾರೆ. ಗೊತ್ತಿಲ್ಲದೆ ಕೊಟ್ಟರೂ, ಮದ್ದಿನ ಶಕ್ತಿ ಇಳಿಯುವ ತನಕ ವೆಂಟಿಲೇಟರ್‌ನಲ್ಲಿ ಉಸಿರು ಕೊಟ್ಟರೆ ಜೀವ ಉಳಿಯುತ್ತದೆ. ವೆಂಟಿಲೇಟರ್ ಇಲ್ಲದ ಕಡೆ ಅದೇ ಅಪಾಯ.

ಹಾಗೆಂದು ಜಾತಿಯೇ ಪರೀಕ್ಷೆಯಲ್ಲ. ಹೆಸರಿನ ಮುಂದೆ 'ಶೆಟ್ಟಿ' ಇದ್ದವರೆಲ್ಲ ಆರ್ಯವೈಶ್ಯರಲ್ಲ. ನಮ್ಮಲ್ಲಿ ಬಲಿಜರಲ್ಲೂ ಶೆಟ್ಟರಿದ್ದಾರೆ, ಮಂಗಳೂರಿನ ಕಡೆ ಬಂಟರೂ ಶೆಟ್ಟರೇ. ಆರ್ಯವೈಶ್ಯರಲ್ಲೂ ಬಹುಪಾಲು ಜನರಿಗೆ ಈ ಕೊರತೆ ಇಲ್ಲ, ಬೇರೆ ಯಾವ ಜಾತಿಯವರಿಗೂ ಇರಬಹುದು. ಜಾತಿ ಬರೀ ಸುಳಿವು. ಖಚಿತವಾಗಿ ಹೇಳುವುದು ರಕ್ತ ಪರೀಕ್ಷೆ.

ಆದ್ದರಿಂದ ಡಾಕ್ಟರು ಕೇಳಿದರೆ ಸಂಕೋಚ ಬೇಡ, ಹೇಳಿ. ಕೇಳದಿದ್ದರೂ ಒಂದು ಮಾತು ನೀವೇ ಹೇಳಿ: ಅಪ್ಪ, ಅಮ್ಮ, ಅಣ್ಣ, ತಂಗಿ, ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರಲು ತಡವಾಗಿತ್ತೇ? ಮನೆಯ ಹಿರಿಯರನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಆಪರೇಷನ್ ದಿನದ ಗಡಿಬಿಡಿಯಲ್ಲಿ ಅದು ನೆನಪಾಗುವುದಿಲ್ಲ.