ಗಟ್ಟಿ ಮಾಧ್ಯಮದಲ್ಲಿ ಹೊರಳುವ ಅಣು: ಪಾರದರ್ಶಕ ಪಾಲಿಮರ್‌ಗಳಲ್ಲಿ ಅಜೋಬೆಂಜೀನ್

ಬೆಳಕು ಬಿದ್ದಾಗ ಆಕಾರ ಬದಲಿಸುವ ಅಣುಗಳನ್ನು ದ್ರಾವಣದಲ್ಲಿಟ್ಟು ನೋಡುವುದು ರಸಾಯನಶಾಸ್ತ್ರದ ಹಳೆಯ ರೂಢಿ. 1937ರಲ್ಲಿ ಜಿ. ಎಸ್. ಹಾರ್ಟ್ಲಿ ಅಜೋಬೆಂಜೀನಿನ ಬಾಗಿದ ರೂಪವಾದ ಸಿಸ್ ಅನ್ನು ಗುರುತಿಸಿದ್ದೂ ದ್ರಾವಣವನ್ನು ಬೆಳಕಿಗೊಡ್ಡಿಯೇ. ಆದರೆ ಬಿಸಿಲಿಗೆ ಕಪ್ಪಾಗುವ ಪ್ಲಾಸ್ಟಿಕ್ ಕನ್ನಡಕದಂತಹ ವಸ್ತುಗಳಲ್ಲಿ ಇಂಥ ಅಣುಗಳು ಕೆಲಸ ಮಾಡಬೇಕಾದದ್ದು ಘನ ಪಾಲಿಮರಿನೊಳಗೆ. ಆ ಪಾಲಿಮರನ್ನು ಅಣುವನ್ನು ಹಿಡಿದಿಡುವ ಪಾತ್ರೆಯೆಂದಷ್ಟೇ ಎಣಿಸಿದರೆ ನಮ್ಮ ಅಳತೆಗಳು ದಾರಿ ತಪ್ಪಿಸುತ್ತವೆ ಎಂಬುದು ಈ ಲೇಖನದ ವಾದ.

ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಕಾಣುವುದು ಪಾಲಿಮೀಥೈಲ್ ಮೆಥಾಕ್ರಿಲೇಟ್, ಅಂದರೆ ಅಕ್ರಿಲಿಕ್. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಶೇ. 92ರಷ್ಟು ಇದರ ಹಾಳೆಯನ್ನು ದಾಟುತ್ತದೆ. ಉಳಿದದ್ದರ ಬಹುಪಾಲು ಹೀರಿಹೋದದ್ದಲ್ಲ. ವಕ್ರೀಭವನ ಸೂಚ್ಯಂಕ 1.49 ಇರುವುದರಿಂದ ಎರಡು ಮೇಲ್ಮೈಗಳಲ್ಲಿ ತಲಾ ಶೇ. 4ರಷ್ಟು ಪ್ರತಿಫಲಿಸಿದ್ದು. ಅಂಗಡಿಯ ಹಾಳೆಯನ್ನೇ ತಂದು ಬಳಸುವವರು ಮಾತ್ರ ಎಚ್ಚರದಿಂದಿರಬೇಕು. ಬಿಸಿಲಿಗೆ ಹಳದಿಯಾಗದಿರಲೆಂದು ಅದಕ್ಕೆ ಅತಿನೇರಳೆ ಹೀರುವ ವಸ್ತು ಬೆರೆಸಿರುವುದುಂಟು. ನೀಳವಾದ ಟ್ರಾನ್ಸ್ ರೂಪದ ಅಜೋಬೆಂಜೀನ್ ಸಿಸ್‌ಗೆ ಹೊರಳಲು ಬೇಕಾದ 320 ನ್ಯಾನೊಮೀಟರ್ ಆಸುಪಾಸಿನ ಬೆಳಕು ಆಗ ಅಣುವನ್ನು ಮುಟ್ಟುವುದೇ ಇಲ್ಲ.

ಅಣುವನ್ನು ಮಾನೊಮರಿಗೆ ಬೆರೆಸಿ ಪಾಲಿಮರ್ ಕಟ್ಟಿದರೆ ಕ್ರಿಯೆ ಶುರುಮಾಡಲು ಹಾಕುವ ಪೆರಾಕ್ಸೈಡಿನಿಂದ ಹುಟ್ಟುವ ರ‍್ಯಾಡಿಕಲ್‌ಗಳು ಅಣುವನ್ನೇ ಕೆಡಿಸಬಹುದು. ಹಾಗಾಗಿ ಸಿದ್ಧ ಪಾಲಿಮರನ್ನೂ ಅಣುವನ್ನೂ ಟಾಲ್ವೀನಿನಲ್ಲಿ ಕರಗಿಸಿ, ಗಾಜಿನ ಮೇಲೆ ಸುರಿದು ಒಣಗಿಸುವುದು ಸುಲಭದ ದಾರಿ. ತೊಂದರೆ ಒಣಗಿಸುವುದರಲ್ಲಿದೆ. ಪದರದಲ್ಲಿ ಉಳಿದ ತುಸು ಟಾಲ್ವೀನ್ ಕೂಡ ಪಾಲಿಮರನ್ನು ಮೆದುವಾಗಿಸಿ, ಸುಮಾರು 105 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಅದರ ಗಾಜುಸ್ಥಿತಿಯ ತಾಪವನ್ನು ತಗ್ಗಿಸುತ್ತದೆ. ಎಷ್ಟು ತಾಪದಲ್ಲಿ, ಎಷ್ಟು ಹೊತ್ತು, ನಿರ್ವಾತದಲ್ಲೋ ಗಾಳಿಯಲ್ಲೋ ಒಣಗಿಸಿದ್ದು ಎಂಬುದನ್ನು ಬರೆಯದ ವರದಿ ಕೊಡುವ, ಸಿಸ್ ಅಣುಗಳು ಕತ್ತಲಲ್ಲಿ ಟ್ರಾನ್ಸ್‌ಗೆ ಮರಳುವ ಅರ್ಧಾಯುವನ್ನು ಬೇರೊಂದು ವರದಿಯದರೊಡನೆ ಹೋಲಿಸಲು ನನಗೆ ಧೈರ್ಯ ಸಾಲದು.

ನಿಜವಾದ ಕುತೂಹಲ ಶುರುವಾಗುವುದು ಬೆಳಕು ಆರಿದ ಮೇಲೆ. ಟ್ರಾನ್ಸ್ ರೂಪದಲ್ಲಿ ಅಜೋಬೆಂಜೀನಿನ ಎರಡು ತುದಿಗಳ ಇಂಗಾಲಗಳ ಅಂತರ ಸುಮಾರು 0.9 ನ್ಯಾನೊಮೀಟರ್, ಸಿಸ್ ರೂಪದಲ್ಲಿ ಅದು 0.55ಕ್ಕೆ ಇಳಿಯುತ್ತದೆ. ಇಷ್ಟು ಹೊರಳಲು ಸುತ್ತಮುತ್ತ ಎಡೆ ಬೇಕು. ದ್ರಾವಣದಲ್ಲಿ ಆ ಎಡೆಗೆ ಕೊರತೆಯಿಲ್ಲ, ಕತ್ತಲಲ್ಲಿ ಸಿಸ್ ಅಣುಗಳು ಒಂದೇ ವೇಗಾಂಕದಿಂದ ಹಿಂದಿರುಗುತ್ತವೆ. ಲಘುಗಣಕ ನಕ್ಷೆಯಲ್ಲಿ ನೆಟ್ಟನೆಯ ಗೆರೆ ಸಿಗುತ್ತದೆ. ಗಾಜಿನಂತೆ ಗಡುಸಾದ ಪಾಲಿಮರಿನಲ್ಲಿ ಗೆರೆ ಬಾಗುತ್ತದೆ. 1971ರಲ್ಲಿ ಪ್ರೀಸ್ಟ್ ಮತ್ತು ಸಿಫೇನ್ ಪಾಲಿಸ್ಟೈರೀನಿನಲ್ಲಿಯೂ 1972ರಲ್ಲಿ ಪೈಕ್ ಮತ್ತು ಮೊರಾವೆಟ್ಸ್ ಪಾಲಿಮರ್ ಸರಪಳಿಗೇ ಕಟ್ಟಿದ ಅಜೋ ಗುಂಪುಗಳಲ್ಲಿಯೂ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಅಚ್ಚರಿಯೆಂದರೆ, ಅಣುಗಳ ಒಂದು ಪಾಲು ದ್ರಾವಣಕ್ಕಿಂತಲೂ ಬೇಗ ಮರಳುತ್ತದೆ. ಗಡುಸು ಮಾಧ್ಯಮ ಎಲ್ಲವನ್ನೂ ನಿಧಾನಿಸಬೇಕಲ್ಲವೇ? ಇಕ್ಕಟ್ಟಿನ ಎಡೆಯಲ್ಲಿ ಹೊರಳಿದ ಅಣು ಪೂರ್ತಿ ಸಡಿಲಗೊಳ್ಳಲಾರದೆ, ಬಾಗಿಸಿ ಹಿಡಿದ ಬೆತ್ತದಂತೆ ಬಿಗಿದುಕೊಂಡಿರುತ್ತದೆ. ಆ ಬಿಗಿತವೇ ಅದನ್ನು ಬೇಗ ಹಿಂದಕ್ಕೆ ತಳ್ಳುತ್ತದೆ. ಪದರವನ್ನು ಗಾಜುಸ್ಥಿತಿಯ ತಾಪಕ್ಕಿಂತ ಮೇಲೆ ಕಾಯಿಸಿದರೆ ಸರಪಳಿಗಳು ಸರಿದಾಡತೊಡಗಿ ಗೆರೆ ಮತ್ತೆ ನೆಟ್ಟಗಾಗುತ್ತದೆ.

ಬಾಗಿದ ಗೆರೆಗೆ ವೇಗದ್ದೊಂದು, ನಿಧಾನದ್ದೊಂದು ಎಂದು ಎರಡು ವೇಗಾಂಕ ಹೊಂದಿಸಿ ಮುಗಿಸುವ ಅಭ್ಯಾಸ ವ್ಯಾಪಕವಾಗಿದೆ. ಲೆಕ್ಕಕ್ಕೆ ಅದು ಅನುಕೂಲವೇ ಸರಿ. ಆದರೆ ಪಾಲಿಮರಿನಲ್ಲಿ ಎರಡೇ ಬಗೆಯ ಎಡೆಗಳಿವೆ ಎನ್ನಲು ಆಧಾರವಿಲ್ಲ. ಎಡೆಗಳ ಹರವೇ ವೇಗಗಳ ಹರವಾಗಿ ಕಾಣುತ್ತದೆ ಎಂದು ಓದುವುದು ಹೆಚ್ಚು ಪ್ರಾಮಾಣಿಕ. ಹಾಗೆ ಓದಿದಾಗ ಅಜೋಬೆಂಜೀನ್ ತನ್ನ ಜೊತೆಗೆ ಪಾಲಿಮರಿನ ಒಳಗನ್ನೂ ಅಳೆದುಕೊಡುತ್ತದೆ.

ಈ ತಿಳಿವಳಿಕೆಯನ್ನು ತಿರುಗಿಸಿ ಬಳಸಿದ ಉದಾಹರಣೆಯೊಂದು 2005ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ರಿಚರ್ಡ್ ಇವಾನ್ಸ್ ಮತ್ತು ಸಂಗಡಿಗರು ಮಸೂರಗಳಲ್ಲಿ ಬಳಕೆಯಾಗುವ ಬಗೆಯ ಸ್ಪೈರೊಆಕ್ಸಜೀನ್ ಅಣುವಿಗೆ ಸಿಲಿಕೋನಿನ ಮೆತ್ತನೆಯ ಬಾಲ ಜೋಡಿಸಿದರು. ಗಡುಸು ಪಾಲಿಮರ್ ಗಡುಸಾಗಿಯೇ ಉಳಿಯಿತು. ಬಾಲ ಅಣುವಿನ ಸುತ್ತ ಸುತ್ತಿಕೊಂಡು ದ್ರವದಂತಹ ಗೂಡು ಕಟ್ಟಿತು, ಮಸೂರದ ಬಣ್ಣ ಬೇಗ ತಿಳಿಯಾಯಿತು.