ಬೇಸಿಗೆ ರಜೆಯಲ್ಲಿ ಸಾರ್ವಜನಿಕ ಗ್ರಂಥಾಲಯ: ಪ್ರದರ್ಶನಗಳು ಮತ್ತು ಸಮುದಾಯ ಕಾರ್ಯಕ್ರಮಗಳು (ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳು)

ಪೀಠಿಕೆ

ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ತಿಂಗಳ ಅಂತ್ಯದವರೆಗೆ ಬೇಸಿಗೆ ರಜೆ ಇರುತ್ತದೆ. ಈ ಅವಧಿಯಲ್ಲಿ ಶಾಲೆಯೊಂದಿಗೆ ಶಾಲೆಯ ಪುಸ್ತಕದ ಕಪಾಟೂ ಮುಚ್ಚಿರುತ್ತದೆ. ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕಗಳಿಲ್ಲದ ಮನೆಯ ಮಕ್ಕಳಿಗೆ ಸುಮಾರು ಏಳು ವಾರಗಳ ಕಾಲ ಓದಿನ ಆಧಾರವಾಗಿ ಉಳಿಯುವುದು ಊರಿನ ಸಾರ್ವಜನಿಕ ಗ್ರಂಥಾಲಯ ಮಾತ್ರ. ಆದುದರಿಂದ ಬೇಸಿಗೆಯಲ್ಲಿ ಗ್ರಂಥಾಲಯದಲ್ಲಿ ಏರ್ಪಡುವ ಪ್ರದರ್ಶನ, ಶಿಬಿರ ಹಾಗೂ ಸಮುದಾಯ ಕಾರ್ಯಕ್ರಮಗಳನ್ನು ಕೇವಲ ಮನರಂಜನೆಯೆಂದು ಭಾವಿಸದೆ, ಗ್ರಂಥಾಲಯ ಸೇವೆಯ ಅವಿಭಾಜ್ಯ ಅಂಗವೆಂದು ಪರಿಗಣಿಸಬೇಕಾಗಿದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಓದುಗರು, ಪಾಲಕರು, ಶಿಕ್ಷಕರು ಹಾಗೂ ಗ್ರಂಥಾಲಯ ಮೇಲ್ವಿಚಾರಕರ ಉಪಯೋಗಕ್ಕಾಗಿ ಈ ವಿಷಯದ ಮುಖ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕಾನೂನು ಹಾಗೂ ಆಡಳಿತ ವ್ಯವಸ್ಥೆ

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಆಧಾರವಾಗಿರುವುದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ. ಇದರ ರೂಪುರೇಷೆಯ ಹಿಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಡಾ. ಎಸ್.ಆರ್. ರಂಗನಾಥನ್ ಅವರ ಚಿಂತನೆಯಿದೆ. ಅಧಿನಿಯಮವು 1966ರಲ್ಲಿ ಜಾರಿಗೆ ಬಂದು, ಅದೇ ವರ್ಷದಲ್ಲಿ ಪ್ರತ್ಯೇಕ ಗ್ರಂಥಾಲಯ ಇಲಾಖೆಯು ಅಸ್ತಿತ್ವಕ್ಕೆ ಬಂದಿತು.

ಈ ಅಧಿನಿಯಮದ ವಿಶೇಷವೆಂದರೆ ಗ್ರಂಥಾಲಯ ಉಪಕರ. ಆಸ್ತಿ ತೆರಿಗೆಯೊಂದಿಗೆ ಶೇಕಡ 6ರಷ್ಟು ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡುತ್ತವೆ. ಅಂದರೆ 1,000 ರೂಪಾಯಿ ಆಸ್ತಿ ತೆರಿಗೆ ಪಾವತಿಸುವ ಕುಟುಂಬವು 60 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ನೀಡಿರುತ್ತದೆ. ಗ್ರಂಥಾಲಯದ ಬಾಗಿಲಿಗೆ ಬರುವ ನಾಗರಿಕರು ಯಾರ ಔದಾರ್ಯವನ್ನೂ ಬೇಡಲು ಬರುವವರಲ್ಲ. ತಾವು ಈಗಾಗಲೇ ಹಣ ತೆತ್ತಿರುವ ಸೇವೆಯನ್ನು ಪಡೆಯಲು ಬರುವವರು.

ತಾಲ್ಲೂಕು ಕೇಂದ್ರಗಳ ಶಾಖಾ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಡಳಿತದಲ್ಲಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ರಾಜ್ಯದಲ್ಲಿ ಇಂತಹ ಗ್ರಂಥಾಲಯಗಳ ಸಂಖ್ಯೆ 5,600ಕ್ಕೂ ಹೆಚ್ಚು. ಇವು ಇಂದು 'ಗ್ರಂಥಾಲಯ ಮತ್ತು ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ವ್ಯವಸ್ಥೆ ಮಾಡಲಾಯಿತು. ಇತ್ತೀಚಿನ ವರ್ಷಗಳಲ್ಲಿ ಅರಿವು ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳನ್ನೂ ನಡೆಸಲಾಗುತ್ತಿದೆ.

ಪ್ರದರ್ಶನದ ಉದ್ದೇಶ

ಗ್ರಂಥಾಲಯದ ಪ್ರದರ್ಶನಕ್ಕೂ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ವಸ್ತುಸಂಗ್ರಹಾಲಯದಲ್ಲಿ ನೋಡಿದ ವಸ್ತುವನ್ನು ಯಾರೂ ಮನೆಗೆ ಕೊಂಡೊಯ್ಯಲಾರರು. ಗ್ರಂಥಾಲಯದಲ್ಲಿ ಮೇಜಿನ ಮೇಲೆ ಕಂಡ ಪುಸ್ತಕವು ಅದೇ ಸಂಜೆ ಓದುಗರ ಮನೆ ಸೇರಬೇಕು. ಆದುದರಿಂದ ಪ್ರದರ್ಶನದ ಯಶಸ್ಸನ್ನು ಸಂದರ್ಶಕರ ಪುಸ್ತಕದಲ್ಲಿನ ಸಹಿಗಳಿಂದ ಅಳೆಯುವುದಕ್ಕಿಂತ, ಆ ವಾರದ ಎರವಲು ವಹಿಯಲ್ಲಿನ ನಮೂದುಗಳಿಂದ ಅಳೆಯುವುದು ಸೂಕ್ತ. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದೇ ಆಗಿದೆ.

ಸ್ಥಳೀಯ ವಿಷಯವನ್ನು ಆಯ್ದುಕೊಂಡಲ್ಲಿ ಈ ಉದ್ದೇಶವು ಸುಲಭವಾಗಿ ಈಡೇರುತ್ತದೆ. ತನ್ನ ಊರಿನ ಹೆಸರು ಅಚ್ಚಿನಲ್ಲಿರುವುದನ್ನು ಕಂಡ ಮಗು ಆ ಪುಟವನ್ನು ಓದದೆ ಮುಂದೆ ಸಾಗುವುದಿಲ್ಲ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಇಂತಹ ವಿಷಯಗಳಿಗೆ ಕೊರತೆಯಿಲ್ಲ.

ತಾಲ್ಲೂಕುವಾರು ಪ್ರದರ್ಶನ ವಿಷಯಗಳು

1. ಕಿತ್ತೂರು: 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯವು ಬ್ರಿಟಿಷರನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕದನದಲ್ಲಿ ಮೃತನಾದನು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೋಟೆಯು ಬ್ರಿಟಿಷರ ವಶವಾಯಿತು. 2024ರಲ್ಲಿ ಈ ವಿಜಯಕ್ಕೆ 200 ವರ್ಷಗಳು ಸಂದವು. ಕೋಟೆಯ ಆವರಣದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಬೆಳಿಗ್ಗೆ ಭೇಟಿ ನೀಡಿ, ನಂತರ ಗ್ರಂಥಾಲಯದಲ್ಲಿ ಅದೇ ವಿಷಯದ ಪುಸ್ತಕಗಳನ್ನು ನೋಡುವಂತೆ ಮಕ್ಕಳ ಕಾರ್ಯಕ್ರಮವನ್ನು ರೂಪಿಸಬಹುದಾಗಿದೆ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವಾಗಿದ್ದು, ಇದಕ್ಕೆ ತಕ್ಕ ದಿನವಾಗಿದೆ.

2. ಬೈಲಹೊಂಗಲ: ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ನಿಧನರಾದುದು ಬೈಲಹೊಂಗಲದಲ್ಲಿ, ಅವರ ಸಮಾಧಿಯೂ ಇಲ್ಲಿಯೇ ಇದೆ. ನಿಧನದ ದಿನಾಂಕವನ್ನು ಕೆಲವು ಪುಸ್ತಕಗಳು ಫೆಬ್ರವರಿ 2 ಎಂದೂ, ಮತ್ತೆ ಕೆಲವು ಫೆಬ್ರವರಿ 21 ಎಂದೂ ನೀಡುತ್ತವೆ. ಇಂತಹ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ತೆರೆದಿಡುವುದು ಉತ್ತಮ ಪ್ರದರ್ಶನವಾಗುತ್ತದೆ. ಅಚ್ಚಾದ ಮಾತನ್ನೂ ಪರಿಶೀಲಿಸಬೇಕೆಂಬ ಪಾಠವನ್ನು ವಿದ್ಯಾರ್ಥಿಗಳು ಇದರಿಂದ ತಾವಾಗಿಯೇ ಕಲಿಯುತ್ತಾರೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟ ರಾಯಣ್ಣನ ಊರಾದ ಸಂಗೊಳ್ಳಿ ಹಾಗೂ ಮಲ್ಲಮ್ಮನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಬೆಳವಡಿ ಇದೇ ತಾಲ್ಲೂಕಿನಲ್ಲಿವೆ. ಬೈಲಹೊಂಗಲದ ಘಟನೆಯನ್ನು ಆಧರಿಸಿದ್ದೆಂದು ಪ್ರಸಿದ್ಧವಾದ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಮುದ್ರಿತ ಪ್ರತಿಗಳನ್ನು ವಯಸ್ಕರ ವಿಭಾಗದಲ್ಲಿ ಪ್ರದರ್ಶಿಸಬಹುದು.

3. ಸವದತ್ತಿ: ಶಾಸನಗಳಲ್ಲಿ ಸುಗಂಧವರ್ತಿ ಎಂದು ಉಲ್ಲೇಖಗೊಂಡ ಸವದತ್ತಿಯು ರಟ್ಟ ಅರಸರ ರಾಜಧಾನಿಯಾಗಿತ್ತು. ಮುಂದೆ ಅವರು ವೇಣುಗ್ರಾಮವನ್ನು, ಅಂದರೆ ಇಂದಿನ ಬೆಳಗಾವಿಯನ್ನು ರಾಜಧಾನಿಯಾಗಿಸಿಕೊಂಡರು. ಇಲ್ಲಿನ ರಟ್ಟ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರು 19ನೇ ಶತಮಾನದ ಉತ್ತರಾರ್ಧದಲ್ಲಿ ಓದಿ ಪ್ರಕಟಿಸಿದರು. ಹೂಲಿಯ ಪಂಚಲಿಂಗೇಶ್ವರ ದೇವಾಲಯ, ಪರಸಗಡ ಕೋಟೆ ಹಾಗೂ ಶಿರಸಂಗಿಯ ಕಾಳಿಕಾ ದೇವಾಲಯಗಳ ಛಾಯಾಚಿತ್ರಗಳೊಂದಿಗೆ ಹಳಗನ್ನಡ ಲಿಪಿಯ ಅಕ್ಷರಮಾಲೆಯ ಪಟವನ್ನು ಇಟ್ಟಲ್ಲಿ, ಮಕ್ಕಳು ತಮ್ಮ ಹೆಸರನ್ನು ಅಂದಿನ ಅಕ್ಷರದಲ್ಲಿ ಬರೆಯಲು ಕಲಿಯಬಹುದು. ತನ್ನ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೀಸಲಿಟ್ಟು 1906ರಲ್ಲಿ ನಿಧನರಾದ ಶಿರಸಂಗಿ ಲಿಂಗರಾಜ ದೇಸಾಯಿ ಅವರ ಜೀವನವೂ ಇಲ್ಲಿನ ವಿಷಯವಾಗಬಲ್ಲದು. ಚೈತ್ರ ಮಾಸದ ದವನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಅಪಾರ ಸಂಖ್ಯೆಯಲ್ಲಿ ಭಕ್ತರು ಬರುವುದರಿಂದ, ಪ್ರದರ್ಶನದ ದಿನಗಳನ್ನು ಜಾತ್ರೆಯ ದಿನಗಳಿಗೆ ಹೊಂದಿಸಿಕೊಳ್ಳುವುದು ಒಳಿತು.

4. ರಾಮದುರ್ಗ: ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಳ್ಳುವವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1939ರ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ಪ್ರಜಾ ಚಳವಳಿಯು ಸಂಸ್ಥಾನಗಳ ಚರಿತ್ರೆಯಲ್ಲಿ ದುರಂತಮಯ ಅಧ್ಯಾಯವಾಗಿದೆ. ತೊರಗಲ್ಲಿನ ಕೋಟೆ ಹಾಗೂ ಭೂತನಾಥ ದೇವಾಲಯ, ಗೊಡಚಿಯ ವೀರಭದ್ರ ದೇವಾಲಯ, ಸುರೇಬಾನ ಬಳಿಯ ಶಬರಿಕೊಳ್ಳಗಳು ನಾಡಿನಾದ್ಯಂತ ಪರಿಚಿತ. ಹುಲಕುಂದದ ಭೀಮಕವಿಯ ಮೂಲಕ ಈ ತಾಲ್ಲೂಕು ಗೀಗೀ ಪದಗಳ ಪರಂಪರೆಯಲ್ಲೂ ಸ್ಥಾನ ಪಡೆದಿದೆ. ನೇಕಾರಿಕೆಯು ಇಲ್ಲಿನ ಅನೇಕ ಕುಟುಂಬಗಳ ಜೀವನಾಧಾರವಾಗಿರುವುದರಿಂದ, ಮಗ್ಗ ಹಾಗೂ ಬಟ್ಟೆಯ ಕುರಿತ ಪುಸ್ತಕಗಳನ್ನು ನೇಯ್ಗೆಯ ಮಾದರಿಗಳೊಂದಿಗೆ ಇಡಬಹುದಾಗಿದೆ.

ಜಿಲ್ಲೆಯ ಗೆಜೆಟಿಯರ್‌ಗಳು ನಾಲ್ಕೂ ತಾಲ್ಲೂಕುಗಳಿಗೆ ಸಾಮಾನ್ಯ ಆಕರಗಳಾಗಿವೆ. ಮುಂಬಯಿ ಪ್ರಾಂತದ ಗೆಜೆಟಿಯರಿನ ಬೆಳಗಾವಿ ಸಂಪುಟವು 1884ರಲ್ಲಿಯೂ, ಕರ್ನಾಟಕ ರಾಜ್ಯ ಗೆಜೆಟಿಯರಿನ ಬೆಳಗಾವಿ ಸಂಪುಟವು 1987ರಲ್ಲಿಯೂ ಪ್ರಕಟವಾಗಿವೆ. ಒಂದೇ ಊರನ್ನು ಎರಡು ಕಾಲಗಳಲ್ಲಿ ಹೇಗೆ ವರ್ಣಿಸಲಾಗಿದೆ ಎಂಬುದನ್ನು ಹೋಲಿಸಿ ತೋರಿಸಬಹುದು.

ಸಮುದಾಯ ಕಾರ್ಯಕ್ರಮಗಳು

ಅ) ಮಕ್ಕಳಿಗಾಗಿ: ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಊರಿನ ನಕ್ಷೆ ಬಿಡಿಸುವುದು, ರಸಪ್ರಶ್ನೆ. ಬೇಸಿಗೆಯ ತಾಪವನ್ನು ಗಮನದಲ್ಲಿಟ್ಟು ಇವುಗಳನ್ನು ಬೆಳಗಿನ ಹೊತ್ತಿನಲ್ಲಿಯೇ ಮುಗಿಸುವುದು ಸೂಕ್ತ. ಕುಡಿಯುವ ನೀರಿನ ವ್ಯವಸ್ಥೆ ಕಡ್ಡಾಯವಾಗಿರಬೇಕು.

ಆ) ಹಿರಿಯರಿಗಾಗಿ: ಲಾವಣಿ, ಗೀಗೀ ಪದ, ಹಂತಿ ಪದ, ಬೀಸುವ ಪದಗಳನ್ನು ಬಲ್ಲ ಅಜ್ಜ ಅಜ್ಜಿಯರನ್ನು ಗ್ರಂಥಾಲಯಕ್ಕೆ ಕರೆತಂದು ಹಾಡಿಸಿ, ಅವರ ಒಪ್ಪಿಗೆಯೊಂದಿಗೆ ಧ್ವನಿಮುದ್ರಿಸಿಕೊಳ್ಳಬೇಕು. ಹಾಡಿದವರ ಹೆಸರು, ಊರು, ಕಲಿತ ಬಗೆ ಹಾಗೂ ದಿನಾಂಕವನ್ನು ದಾಖಲಿಸಬೇಕು. ರಾಶಿ ಯಂತ್ರಗಳು ಬಂದ ಮೇಲೆ ಕಣದಲ್ಲಿ ಹಂತಿ ಕಟ್ಟುವುದು ವಿರಳವಾಗಿದ್ದು, ಆ ಹಾಡುಗಳು ಬಲ್ಲವರೊಂದಿಗೇ ಮರೆಯಾಗುತ್ತಿವೆ.

ಇ) ರೈತರಿಗಾಗಿ: ಮೇ ತಿಂಗಳ ಕೊನೆಯ ವಾರದಲ್ಲಿ, ಮುಂಗಾರು ಬಿತ್ತನೆಗೆ ಮುಂಚೆ, ರೈತ ಸಂಪರ್ಕ ಕೇಂದ್ರದ ಸಹಯೋಗದೊಂದಿಗೆ ಬೀಜೋಪಚಾರ, ಮಣ್ಣು ಪರೀಕ್ಷೆ ಹಾಗೂ ಬೆಳೆ ವಿಮೆಯ ಕುರಿತ ಕೈಪಿಡಿಗಳ ಪ್ರದರ್ಶನ.

ಈ) ಯುವಜನರಿಗಾಗಿ: ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ ಹಾಗೂ ಹಳೆಯ ಪ್ರಶ್ನೆಪತ್ರಿಕೆಗಳ ಪ್ರದರ್ಶನ, ಡಿಜಿಟಲ್ ಗ್ರಂಥಾಲಯದಲ್ಲಿ ನೋಂದಾಯಿಸಿಕೊಳ್ಳುವ ವಿಧಾನದ ಪ್ರಾತ್ಯಕ್ಷಿಕೆ.

ಏಪ್ರಿಲ್ 14ರ ಡಾ. ಅಂಬೇಡ್ಕರ್ ಜಯಂತಿ, ಏಪ್ರಿಲ್ 23ರ ವಿಶ್ವ ಪುಸ್ತಕ ದಿನ ಹಾಗೂ ಬಸವ ಜಯಂತಿಗಳು ಈ ಅವಧಿಯ ಸಹಜ ಸಂದರ್ಭಗಳಾಗಿವೆ.

ಮನೆಯಲ್ಲಿರುವ ಹಳೆಯ ಕಾಗದಪತ್ರಗಳು

ಈ ಭಾಗದ ಅನೇಕ ಮನೆಗಳಲ್ಲಿ ಮೋಡಿ ಲಿಪಿಯ ಪತ್ರಗಳು, ತಾಳೆಗರಿಗಳು, ಬಯಲಾಟದ ಕೈಬರಹದ ಪ್ರತಿಗಳು ಇವೆ. ಮೋಡಿ ಓದಬಲ್ಲವರು ಇಂದು ವಿರಳ. ಓದಲಾಗದ ಕಾಗದವು ರದ್ದಿ ಸೇರುವ ಸಂಭವ ಹೆಚ್ಚು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಯ ಪ್ರವಾಹವು ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ನದಿತೀರದ ಮನೆಗಳಿಗೆ ನುಗ್ಗಿತು. ನೀರು ನುಗ್ಗಿದ ಮನೆಯಲ್ಲಿ ಪಾತ್ರೆಯನ್ನು ತೊಳೆದು ಬಳಸಬಹುದು. ಏಕೈಕ ಪ್ರತಿಯಾಗಿದ್ದ ಕಾಗದವನ್ನು ಮರಳಿ ತರಲಾಗದು. ಈ ದೃಷ್ಟಿಯಿಂದ ಮಳೆಗಾಲಕ್ಕೆ ಮುಂಚಿನ ಬೇಸಿಗೆಯು ಇಂತಹ ಕಾಗದಗಳನ್ನು ಹೊರತೆಗೆದು ಪ್ರತಿ ಮಾಡಿಕೊಳ್ಳಲು ಸಕಾಲ. ಈ ಕೆಳಗಿನ ಅಂಶಗಳನ್ನು ಗಮನಿಸುವುದು:

1. ಪ್ರದರ್ಶನದಲ್ಲಿ ಮೂಲ ಕಾಗದದ ಬದಲು ಛಾಯಾಪ್ರತಿಯನ್ನೇ ಇಡಬೇಕು. ಮೂಲವನ್ನು ಅದೇ ದಿನ ಮಾಲೀಕರಿಗೆ ಹಿಂದಿರುಗಿಸಬೇಕು.
2. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಇವೆರಡೂ ಕಾಗದಕ್ಕೆ ಕಾಯಂ ಹಾನಿ ಮಾಡುತ್ತವೆ.
3. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು, ಶಾಯಿ ಮಾಸುತ್ತದೆ.
4. ಒದ್ದೆಯಾದ ಕಾಗದವನ್ನು ಬಿಸಿಲಿಗೆ ಒಡ್ಡದೆ, ಹಾಳೆಗಳ ನಡುವೆ ಅಚ್ಚಿಲ್ಲದ ಒಣ ಕಾಗದವಿಟ್ಟು ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಸುಮಾರು ಎರಡು ದಿನಗಳೊಳಗೆ ಈ ಕ್ರಮ ಕೈಗೊಳ್ಳದಿದ್ದಲ್ಲಿ ಬೂಷ್ಟು ಹಿಡಿಯುತ್ತದೆ.
5. ಸ್ವೀಕರಿಸಿದ ಪ್ರತಿಯೊಂದು ಕಾಗದಕ್ಕೂ ರಸೀದಿ ನೀಡಬೇಕು.

ಪುಸ್ತಕ ಕಳೆಯುವ ಭಯ ಹಾಗೂ ಲೆಕ್ಕಪತ್ರ

ಪುಸ್ತಕ ಕಳೆದುಹೋದಲ್ಲಿ ತಾವು ಹೊಣೆಯಾಗಬೇಕಾದೀತೆಂಬ ಆತಂಕವು ಕಪಾಟಿಗೆ ಬೀಗ ಹಾಕುವಂತೆ ಮಾಡುತ್ತದೆ. ಆತಂಕವು ಸಹಜವಾದರೂ, ಲೆಕ್ಕಪತ್ರದ ತತ್ವವು ಬೀಗವನ್ನು ಬೆಂಬಲಿಸುವುದಿಲ್ಲ. ಕೇಂದ್ರ ಸರ್ಕಾರದ ಗ್ರಂಥಾಲಯಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮವು, ವರ್ಷದಲ್ಲಿ ಎರವಲು ನೀಡಿದ ಅಥವಾ ಪರಾಮರ್ಶಿಸಿದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಸಮಂಜಸವೆಂದು ಪರಿಗಣಿಸುತ್ತದೆ. ರಾಜ್ಯದ ಗ್ರಂಥಾಲಯಗಳು ತಮಗೆ ಅನ್ವಯಿಸುವ ನಿಯಮಗಳನ್ನೇ ಪಾಲಿಸಬೇಕಾದರೂ, ಈ ನಿಯಮದ ಹಿಂದಿನ ತತ್ವವು ಎಲ್ಲೆಡೆ ಒಂದೇ: ಬಳಕೆಯಾಗುವ ಪುಸ್ತಕಗಳಲ್ಲಿ ಕೆಲವು ಸವೆಯುತ್ತವೆ, ಕೆಲವು ಕಳೆಯುತ್ತವೆ. ಒಂದು ವರ್ಷದಲ್ಲಿ ಒಂದೂ ಪುಸ್ತಕ ಹೊರಹೋಗದ ಗ್ರಂಥಾಲಯದಲ್ಲಿ ದಾಸ್ತಾನು ಸರಿಯಿರಬಹುದು. ಆದರೆ ಅದನ್ನು ಕೊಳ್ಳಲು ವಿನಿಯೋಗಿಸಿದ ಉಪಕರದ ಹಣವು ನಿಷ್ಪ್ರಯೋಜಕವಾಗಿರುತ್ತದೆ.

ಪ್ರದರ್ಶನಕ್ಕೆ ಇಟ್ಟ ಪುಸ್ತಕಗಳ ಪಟ್ಟಿಯನ್ನು ದಾಖಲಾತಿ ಸಂಖ್ಯೆಯೊಂದಿಗೆ ಮೊದಲೇ ಸಿದ್ಧಪಡಿಸಿ, ಪ್ರತಿದಿನ ಸಂಜೆ ತಾಳೆ ನೋಡುವುದರಿಂದ ನಷ್ಟವನ್ನು ಕನಿಷ್ಠ ಮಟ್ಟಕ್ಕಿಳಿಸಬಹುದು. ಎರವಲು ಪಡೆದ ಮಕ್ಕಳ ಹೆಸರಿನೊಂದಿಗೆ ಶಾಲೆ ಹಾಗೂ ತರಗತಿಯನ್ನು ಬರೆದುಕೊಂಡಲ್ಲಿ, ಜೂನ್‌ನಲ್ಲಿ ಶಾಲೆ ಆರಂಭವಾದ ನಂತರ ಶಿಕ್ಷಕರ ನೆರವಿನಿಂದ ಪುಸ್ತಕಗಳನ್ನು ಮರಳಿ ಪಡೆಯುವುದು ಸುಲಭ.

ಸಾರ್ವಜನಿಕರ ಪಾತ್ರ

ಕಾರ್ಯಕ್ರಮದ ದಿನಾಂಕಗಳನ್ನು ಸಂಬಂಧಿಸಿದ ಶಾಖಾ ಗ್ರಂಥಾಲಯ ಅಥವಾ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ವಿಚಾರಿಸಿ ತಿಳಿಯಬಹುದು. ತಮ್ಮ ಗ್ರಾಮದಲ್ಲಿ ಕಾರ್ಯಕ್ರಮ ಏರ್ಪಡಿಸಲು ಇಚ್ಛಿಸುವ ನಾಗರಿಕರು, ಯುವಕ ಸಂಘಗಳು ಹಾಗೂ ಸ್ತ್ರೀಶಕ್ತಿ ಗುಂಪುಗಳು ಗ್ರಾಮ ಪಂಚಾಯಿತಿಗೆ ಮಾರ್ಚ್ ತಿಂಗಳಿನಲ್ಲಿಯೇ ಲಿಖಿತ ಮನವಿ ಸಲ್ಲಿಸುವುದು ಉತ್ತಮ. ಪಾಲಕರು 6ರಿಂದ 18 ವರ್ಷದೊಳಗಿನ ತಮ್ಮ ಮಕ್ಕಳನ್ನು ಅರಿವು ಕೇಂದ್ರದ ಸದಸ್ಯರನ್ನಾಗಿ ನೋಂದಾಯಿಸಿ, ರಜೆಯ ಮೊದಲ ವಾರದಲ್ಲಿಯೇ ಕನಿಷ್ಠ ಒಂದು ಪುಸ್ತಕವಾದರೂ ಮನೆಗೆ ಬರುವಂತೆ ನೋಡಿಕೊಳ್ಳಬೇಕು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗವನ್ನು ಪಡೆದುಕೊಳ್ಳಲು ಕೋರಲಾಗಿದೆ.