ಮುಖರೋಮ (ಇಳಿವಯಸ್ಸಿನ ಸ್ತ್ರೀಯರಲ್ಲಿ)

ಇಳಿವಯಸ್ಸಿನ ಸ್ತ್ರೀಯರ ಗದ್ದ, ಮೇಲ್ದುಟಿ ಹಾಗೂ ದವಡೆಯ ಅಂಚುಗಳಲ್ಲಿ, ಅದುವರೆಗೆ ಕಣ್ಣಿಗೆ ಕಾಣದಿದ್ದ ತುಪ್ಪುಳಿನ ನಡುವೆ, ಒರಟಾಗಿ, ಬಹುಮಟ್ಟಿಗೆ ಒಂಟೊಂಟಿಯಾಗಿ, ಕಪ್ಪಗೋ ಬೆಳ್ಳಗೋ ಮೂಡುವ ಕೂದಲು. ಮತ್ತು ಅದನ್ನು ಕೀಳಲು, ಕರಗಿಸಲು, ಸುಡಲು ಮನುಷ್ಯರು ಕಂಡುಕೊಂಡ ಉಪಾಯಗಳ ಇತಿಹಾಸ. ನಡೆಯಲಾರದ ಸಂಗತಿಯ ಮೇಲೆ ಊಹೆಯ ಗೋಪುರ ಕಟ್ಟುವವರ ಬಾಯಿ ಮುಚ್ಚಿಸುವುದಕ್ಕೆ ದಕ್ಷಿಣ ದೇಶದ ಭಾಷೆಗಳಲ್ಲಿ ‘ಅತ್ತೆಗೆ ಮೀಸೆ ಬಂದರೆ’ ಎಂಬ ಮಾತನ್ನು ಆಡುವುದುಂಟು. ಆದರೆ ಅತ್ತೆಗೆ ಮೀಸೆ ಬರುವುದು ನಡೆಯಲಾರದ ಸಂಗತಿಯೇನೂ ಅಲ್ಲ. ಅದು ಪ್ರತಿಯೊಂದು ಕೇರಿಯಲ್ಲಿಯೂ ನಡೆಯುತ್ತಿದೆ, ಎಲ್ಲ ಕಾಲದಲ್ಲಿಯೂ ನಡೆದಿದೆ. ನಡೆದದ್ದನ್ನು ಯಾರೂ ಹೇಳಿಕೊಳ್ಳಲಿಲ್ಲವೆಂಬುದರಿಂದಲೇ ಅದು ಗಾದೆಗೆ ಒದಗಿತು.

ಇದರ ಕಾರಣ ದೇಹಧರ್ಮದಲ್ಲಿದೆ. ಪುರುಷ ಹಾರ್ಮೋನುಗಳೆಂದು ರೂಢಿಯಲ್ಲಿ ಕರೆಯುವ ಆಂಡ್ರೊಜನ್‌ಗಳು ಸ್ತ್ರೀಶರೀರದಲ್ಲಿಯೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಿಂದ ಜೀವಮಾನವೆಲ್ಲ ಸ್ರವಿಸುತ್ತಲೇ ಇರುತ್ತವೆ. ಮುಟ್ಟು ನಿಂತ ಬಳಿಕ ಸ್ತ್ರೀ ಹಾರ್ಮೋನಾದ ಈಸ್ಟ್ರೊಜನ್ ಬಹುಬೇಗ ಕುಗ್ಗುತ್ತದೆ. ಆಂಡ್ರೊಜನ್‌ಗಳು ಅಷ್ಟು ಬೇಗ ಕುಗ್ಗುವುದಿಲ್ಲ. ರಕ್ತದಲ್ಲಿ ಅವನ್ನು ಹಿಡಿದಿಟ್ಟು ನಿಷ್ಕ್ರಿಯಗೊಳಿಸುವ ಪ್ರೋಟೀನೂ ಕಡಿಮೆಯಾಗುವುದರಿಂದ, ಇದ್ದ ಅಲ್ಪವೇ ಹೆಚ್ಚಾಗಿ ಕೆಲಸಮಾಡತೊಡಗುತ್ತದೆ. ಗದ್ದದ ರೋಮಕೂಪಗಳು ಈ ಹಾರ್ಮೋನುಗಳ ಕರೆಗೆ ಬೇಗ ಓಗೊಡುವಂಥವು. ಆದುದರಿಂದ ತಲೆಯ ಕೂದಲು ತೆಳುವಾಗಿ, ಕಂಕುಳಿನ ಕೂದಲು ಉದುರುತ್ತಿರುವ ವಯಸ್ಸಿನಲ್ಲಿಯೇ ಗದ್ದದ ಮೇಲೆ ಹೊಸ ಕೂದಲು ಹುಟ್ಟುವ ವಿಪರ್ಯಾಸ ಸಂಭವಿಸುತ್ತದೆ. ಇದು ರೋಗವಲ್ಲ. ಕೆಲವೇ ತಿಂಗಳುಗಳಲ್ಲಿ ಗಡ್ಡವೇ ಮೂಡಿ, ಜತೆಗೆ ದನಿ ಗಡುಸಾಗಿ, ನೆತ್ತಿ ಬೋಳಾಗುತ್ತ ಬಂದರೆ ಮಾತ್ರ ಅಂಡಾಶಯದಲ್ಲಿ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯೇನಾದರೂ ಬೆಳೆದಿದೆಯೋ ಎಂದು ವೈದ್ಯರು ಶೋಧಿಸಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ನಾಚಿಕೆಯಿಂದ ತಡಮಾಡುವುದು ಅಪಾಯಕರ.

ಪ್ರಾಚೀನರು ಈ ಸಂಗತಿಯನ್ನು ಕಂಡಿದ್ದರು, ಮತ್ತು ನಮಗಿಂತ ಶಾಂತಚಿತ್ತದಿಂದ ಕಂಡಿದ್ದರು. ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಸ್ತ್ರೀಯರಿಗೆ ಗದ್ದದಲ್ಲಿ ಕೂದಲು ಬೆಳೆಯುವುದಿಲ್ಲವೆಂದೂ, ಮುಟ್ಟು ನಿಂತ ಮೇಲೆ ಕೆಲವರಿಗೆ ಒಂದಷ್ಟು ಬೆಳೆಯುವುದುಂಟೆಂದೂ, ಮತ್ಸ್ಯಗಳ ಮತ್ತು ಪಕ್ಷಿಗಳ ವಿಷಯವನ್ನು ಹೇಳುವ ಅದೇ ನಿರುದ್ವಿಗ್ನ ಧಾಟಿಯಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಏಷ್ಯಾಮೈನರಿನ ಕೇರಿಯಾ ಸೀಮೆಯಲ್ಲಿ ಅದು ದೈವಸೂಚನೆಯೇ ಆಗಿದ್ದಿತು: ಹ್ಯಾಲಿಕಾರ್ನಾಸಸಿನ ಒಳನಾಡಿನಲ್ಲಿದ್ದ ಪೆಡಾಸಸ್ ಎಂಬಲ್ಲಿಯ ಜನರಿಗೆ ವಿಪತ್ತು ಸಮೀಪಿಸಿದಾಗ ಅಥೀನಾ ದೇವಿಯ ಅರ್ಚಕಿಗೆ ಉದ್ದವಾದ ಗಡ್ಡ ಬೆಳೆಯುತ್ತಿದ್ದಿತೆಂದೂ, ಮೂರು ಬಾರಿ ಹಾಗಾಯಿತೆಂದೂ ಹೆರೊಡೊಟಸ್ ಬರೆದಿಟ್ಟಿದ್ದಾನೆ. ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ನಿಂತಿರುವ ವೈದ್ಯಗ್ರಂಥಗಳಲ್ಲಿನ ಒಂದು ಪ್ರಸಂಗವಾದರೋ ಇಂದಿಗೂ ಮನಸ್ಸನ್ನು ಕಲಕುತ್ತದೆ. ಅಬ್ಡೇರಾ ನಗರದ ಪೈಥಿಯಾಸನ ಪತ್ನಿಯಾದ ಫೇಥೂಸಾ ಎಂಬಾಕೆ, ಗಂಡನು ದೇಶಭ್ರಷ್ಟನಾಗಿ ಹೋದ ತರುವಾಯ ಬಹುಕಾಲ ಮುಟ್ಟಾಗದೆ, ಕೀಲುಗಳಲ್ಲಿ ನೋವೂ ಕೆಂಪೂ ತೋರಿ, ಮೈಯೆಲ್ಲ ರೋಮಮಯವಾಗಿ, ಗಡ್ಡ ಬಂದು, ದನಿ ಒರಟಾಗಿ, ವೈದ್ಯರ ಸಕಲ ಪ್ರಯತ್ನಗಳೂ ನಿಷ್ಫಲವಾಗಿ ತೀರಿಕೊಂಡಳು. ಹಾರ್ಮೋನು ಎಂಬ ಶಬ್ದ ಹುಟ್ಟುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಹಿಂದೆ, ಮುಟ್ಟು ನಿಲ್ಲುವುದಕ್ಕೂ ಮುಖರೋಮಕ್ಕೂ ಇರುವ ನಂಟನ್ನು ಆ ಅನಾಮಿಕ ವೈದ್ಯ ಗುರುತಿಸಿದ್ದನಷ್ಟೆ.

ಯೂರೋಪಿನಲ್ಲಿ ಈ ಸಮಚಿತ್ತತೆ ಉಳಿಯಲಿಲ್ಲ. ಗಡ್ಡವುಳ್ಳ ಮುದುಕಿಯೆಂದರೆ ಮಾಟಗಾತಿಯೆಂಬ ಭಾವನೆ ಎಷ್ಟು ಬೇರೂರಿದ್ದಿತೆಂದರೆ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯರಿಗೂ ಗಡ್ಡವಿದೆ. 1631ರಲ್ಲಿ ನೇಪಲ್ಸಿನ ರಾಜಪ್ರತಿನಿಧಿಯ ಅಪ್ಪಣೆಯಂತೆ ಚಿತ್ರಕಾರ ಹುಸೆಪೆ ದೆ ರಿಬೇರಾ ಬರೆದ ಮ್ಯಾಗ್ದಲೆನಾ ವೆಂತೂರಾಳ ಚಿತ್ರ ಇದಕ್ಕೆ ಒಂದು ಅಪವಾದವೆನ್ನಬಹುದು. ಮೂವತ್ತೇಳನೆಯ ವಯಸ್ಸಿನಲ್ಲಿ ಗಡ್ಡ ಮೂಡಲಾರಂಭಿಸಿದ, ಚಿತ್ರ ಬರೆಯುವ ವೇಳೆಗೆ ಐವತ್ತೆರಡು ವರ್ಷದವಳಾಗಿದ್ದ ಆ ಅಬ್ರುತ್ಸಿ ಸೀಮೆಯ ಹೆಂಗಸು, ಎದೆಯವರೆಗೆ ಇಳಿದ ಕಪ್ಪು ಗಡ್ಡದೊಡನೆ, ಕೂಸಿಗೆ ಮೊಲೆಯೂಡುತ್ತ, ಹಿಂದೆ ನೆರಳಿನಲ್ಲಿ ನಿಂತ ಗಂಡನೊಡನೆ ನಮ್ಮನ್ನೇ ದಿಟ್ಟಿಸುತ್ತಾಳೆ. ಪಕ್ಕದ ಶಿಲಾಲೇಖ ಆಕೆಯನ್ನು ಪ್ರಕೃತಿಯ ಮಹಾವಿಸ್ಮಯವೆಂದು ಸಾರುತ್ತದೆ. ಹಣೆಯ ಸುಕ್ಕುಗಳಲ್ಲಿ ಮಾತ್ರ ವಿಸ್ಮಯವಿಲ್ಲ, ದಣಿವಿದೆ. ಅವಳನ್ನು ನೋಡಲು ಕರೆಸಿದವರುಂಟು. ಅವಳು ನೋಡಿದ್ದನ್ನು ಬರೆದುಕೊಂಡವರು ಯಾರೂ ಇಲ್ಲ.

ಭಾರತದಲ್ಲಿ ಶಾಸ್ತ್ರವು ಸ್ತ್ರೀಯ ರೋಮವನ್ನು ಮುಖ್ಯವಾಗಿ ವಿವಾಹದ ಸಂದರ್ಭದಲ್ಲಿ ಎಣಿಕೆಗೆ ತಂದುಕೊಂಡಿತು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವರಿಸಬಾರದ ಕನ್ಯೆಯರ ಪಟ್ಟಿಯಲ್ಲಿ ರೋಮವಿಲ್ಲದವಳೂ ಅತಿರೋಮವುಳ್ಳವಳೂ ಸೇರಿದ್ದಾರೆ. ವೃದ್ಧೆಯ ವಿಷಯದಲ್ಲಿ ಆ ಗ್ರಂಥ ಮೌನ. ರೋಮನಿವಾರಣೆಯ ವಿದ್ಯೆ ಬೆಳೆದುಬಂದದ್ದು ಬೇರೊಂದು ಅಗತ್ಯದಿಂದ: ಸುಶ್ರುತಸಂಹಿತೆಯು ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ರೋಮವನ್ನು ತೆಗೆಯುವುದನ್ನೂ ಒಂದಾಗಿ ಎಣಿಸಿ, ಶಂಖಚೂರ್ಣ ಎರಡು ಭಾಗ, ಹರಿತಾಳ ಒಂದು ಭಾಗ, ಇವನ್ನು ಶುಕ್ತವೆಂಬ ಹುಳಿದ್ರವದಲ್ಲಿ ಅರೆದು ಹಚ್ಚುವುದು ಉತ್ತಮವಾದ ಲೋಮಶಾತನವೆಂದು ವಿಧಿಸುತ್ತದೆ. ಶಂಖವೆಂದರೆ ಸುಣ್ಣದ ಮೂಲ. ನಮ್ಮಲ್ಲಿ ಅರದಾಳವೆಂದು ಕರೆಯುವ ಹರಿತಾಳವಾದರೋ ಪಾಷಾಣ ಮತ್ತು ಗಂಧಕಗಳ ಸಂಯುಕ್ತ. ಇದೇ ಜೋಡಿ, ಎಂದರೆ ಸುಣ್ಣ ಮತ್ತು ಹರಿತಾಳ, ತುರ್ಕಿಯ ಸ್ನಾನಗೃಹಗಳಲ್ಲಿ ‘ರುಸ್ಮಾ’ ಎಂಬ ಹೆಸರಿನಿಂದ ಬಳಕೆಯಲ್ಲಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಇಟಲಿಯ ಸಲೆರ್ನೊ ನಗರದಲ್ಲಿ ಸಿದ್ಧವಾದ ‘ಟ್ರೋಟುಲಾ’ ಎಂಬ ಸ್ತ್ರೀವೈದ್ಯಸಂಗ್ರಹದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಲೇಪವು ಹದಕ್ಕೆ ಬಂದಿತೇ ಎಂದು ಅರಿಯಲು ಹಕ್ಕಿಯ ಗರಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಿದ್ದರು. ಗರಿಯ ಎಳೆಗಳು ಕಳಚಿಬಿದ್ದರೆ ಹದ ಬಂದಿತೆಂದು ಅರ್ಥ. ಕ್ಷಾರವು ಕೂದಲಿನ ಕೆರಟಿನ್ ಎಂಬ ಪ್ರೋಟೀನನ್ನು ಕರಗಿಸುವುದೇ ಇದರ ಗುಟ್ಟು. ಇಂದಿನ ರೋಮನಾಶಕ ಕ್ರೀಮುಗಳಲ್ಲಿ ಪಾಷಾಣಕ್ಕೆ ಬದಲಾಗಿ ಥಯೋಗ್ಲೈಕೊಲೇಟ್ ಲವಣಗಳು ಬಂದಿವೆ, ತತ್ತ್ವ ಹೆಚ್ಚುಕಡಿಮೆ ಹಳೆಯದೇ. ವಯಸ್ಸಾದ ಚರ್ಮ ತೆಳುವಾಗಿರುವುದರಿಂದ ಅವು ಸುಲಭವಾಗಿ ಉರಿ ತರುತ್ತವೆ ಎಂಬ ಎಚ್ಚರಿಕೆ ಮಾತ್ರ ಅವಶ್ಯ.

ಕನ್ನಡನಾಡಿನ ಮನೆಗಳಲ್ಲಿ ಶಾಸ್ತ್ರಕ್ಕಿಂತ ಬಚ್ಚಲೇ ಪ್ರಮಾಣ. ಎಳೆಗೂಸಿನ ಮೈಯ ತುಪ್ಪುಳನ್ನು ಹಿಟ್ಟಿನ ಉಂಡೆಯಿಂದ ತಿಕ್ಕಿ ತೆಗೆಯುವುದು, ಹೆಣ್ಣುಮಕ್ಕಳು ಮುಖಕ್ಕೆ ಅರಿಶಿನ ಹಚ್ಚಿ ಸ್ನಾನಮಾಡುವುದು, ಅರಿಶಿನದಿಂದ ಕೂದಲು ಹುಟ್ಟುವುದಿಲ್ಲವೆಂಬ ನಂಬಿಕೆ, ಇವೆಲ್ಲ ತಾಯಿಯಿಂದ ಮಗಳಿಗೆ ಇಳಿದುಬಂದವು. ಒರಟಾದ ಕೂದಲಿನ ಮೇಲೆ ಅರಿಶಿನದ ಪ್ರಭಾವ ಹೆಚ್ಚೇನೂ ಇಲ್ಲ. ಆದಾಗ್ಯೂ ಅದರಿಂದ ಯಾರಿಗೂ ಗಾಯವಾಗಲಿಲ್ಲ, ಯಾರ ಚರ್ಮವೂ ಕೊಳೆಯಲಿಲ್ಲ. ಮುಂದೆ ಹೇಳಲಿರುವ ಸಂಗತಿಗಳ ಎದುರಿನಲ್ಲಿ ಇದು ಸಣ್ಣ ಪ್ರಶಂಸೆಯಲ್ಲ. ಪಶ್ಚಿಮ ಏಷ್ಯಾ, ಭಾರತ, ಚೀನಗಳಲ್ಲಿ ಹಿಂದಿನಿಂದ ಬಂದ ನೂಲಿನ ವಿದ್ಯೆ ಇಂದು ತ್ರೆಡಿಂಗ್ ಎಂಬ ಹೆಸರಿನಿಂದ ನಮ್ಮ ಪ್ರತಿಯೊಂದು ಪಟ್ಟಣದ ಬ್ಯೂಟಿ ಪಾರ್ಲರಿನಲ್ಲಿ ನಡೆಯುತ್ತಿದೆ: ಹತ್ತಿಯ ದಾರವನ್ನು ನಡುವೆ ಹುರಿಗೊಳಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳುಗಳನ್ನು ಅಗಲಿಸಿದೊಡನೆ ಹುರಿಯು ಕೂದಲಿನ ಸಾಲನ್ನು ಸುತ್ತಿ ಕಿತ್ತು ತರುತ್ತದೆ. ಚೀನದಲ್ಲಿ ಮದುವಣಗಿತ್ತಿಯ ಮುಖವನ್ನು ಹೀಗೆ ನೂಲಿನಿಂದ ತೆರೆಯುವುದು ವಿವಾಹವಿಧಿಯ ಅಂಗವೇ ಆಗಿದ್ದು, ಅದನ್ನು ಹಿರಿಯ ಸುಮಂಗಲಿಯರು ನೆರವೇರಿಸುತ್ತಿದ್ದರು.

ಕೂದಲನ್ನು ಬೇರಿನಿಂದಲೇ ನಾಶಮಾಡುವ ಪ್ರಥಮ ವಿಧಾನ ಕಣ್ಣಿನ ವೈದ್ಯರೊಬ್ಬರಿಂದ ಬಂದಿತು. ಅಮೆರಿಕದ ಸೇಂಟ್ ಲೂಯಿಸ್ ನಗರದ ಚಾರ್ಲ್ಸ್ ಮಿಶೆಲ್, ಒಳಕ್ಕೆ ಬಾಗಿ ಕಣ್ಣುಗುಡ್ಡೆಯನ್ನು ಚುಚ್ಚುವ ರೆಪ್ಪೆಗೂದಲನ್ನು ತೊಲಗಿಸಲು ವಿದ್ಯುತ್ ಹರಿಯುವ ಸೂಜಿಯನ್ನು ರೋಮಕೂಪದಲ್ಲಿ ತೂರಿಸುವ ಕ್ರಮವನ್ನು 1875ರಲ್ಲಿ ಪ್ರಕಟಿಸಿದರು. ಚರ್ಮದೊಳಗಿನ ಉಪ್ಪುನೀರು ಸೂಜಿಯ ತುದಿಯಲ್ಲಿ ವಿಭಜನೆಗೊಂಡು ತೀಕ್ಷ್ಣವಾದ ಕ್ಷಾರವಾಗಿ, ಬೇರನ್ನು ಕರಗಿಸುತ್ತದೆ. ಕೂದಲು ಕಪ್ಪಿರಲಿ ಬಿಳಿಯಿರಲಿ ಈ ಸೂಜಿಗೆ ಭೇದವಿಲ್ಲ. ಒಂದೊಂದು ಕೂದಲಿಗೂ ಒಂದೊಂದು ಬಾರಿ ಚುಚ್ಚಬೇಕಾದ ನಿಧಾನವೊಂದೇ ಅದರ ದೋಷ.

ಆ ನಿಧಾನವನ್ನು ಸಹಿಸಲಾರದ ಕಾಲ ಬಂದಿತು. ಕ್ಷ-ಕಿರಣಗಳ ಶೋಧನೆಯಾದ ಮರುವರ್ಷವೇ, 1896ರಲ್ಲಿ, ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್ ಐದು ವರ್ಷದ ಹುಡುಗಿಯೊಬ್ಬಳ ಬೆನ್ನಿನ ರೋಮಭರಿತ ಮಚ್ಚೆಯ ಮೇಲೆ ಅವನ್ನು ಪ್ರಯೋಗಿಸಿದರು. ಕೂದಲು ಉದುರಿತು, ಬಳಿಕ ಆ ಜಾಗದಲ್ಲಿ ಹುಣ್ಣಾಯಿತು. ಈ ಪಾಠವನ್ನು ವೈದ್ಯರು ಕಲಿಯುತ್ತಿದ್ದಂತೆ ವ್ಯಾಪಾರ ಮರೆಯಿತು. 1920ರ ದಶಕದ ಮಧ್ಯಭಾಗದಿಂದ ಅಮೆರಿಕ ಮತ್ತು ಕೆನಡಾ ದೇಶಗಳ ನಗರಗಳಲ್ಲಿ ‘ಟ್ರಿಕೊ’ ಎಂಬ ಹೆಸರಿನ ಕ್ಷ-ಕಿರಣ ಯಂತ್ರಗಳು ಸೌಂದರ್ಯಗೃಹಗಳಲ್ಲಿ ಸ್ಥಾಪಿತವಾದವು. ಅವುಗಳ ನಿರ್ಮಾತೃ ನ್ಯೂಯಾರ್ಕಿನ ವೈದ್ಯ ಆಲ್ಬರ್ಟ್ ಗೈಸರ್. ಹೆಂಗಸರು ನೋವಿಲ್ಲ, ಗಾಯವಿಲ್ಲ ಎಂಬ ಭರವಸೆಯ ಮೇಲೆ ಆ ಯಂತ್ರಗಳ ಮುಂದೆ ಮುಖವಿಟ್ಟು ಕುಳಿತರು. ಕೂದಲು ನಿಜವಾಗಿಯೂ ಉದುರಿತು. ಆಮೇಲೆ, ಕೆಲವರಲ್ಲಿ ತಿಂಗಳುಗಳಲ್ಲಿ, ಕೆಲವರಲ್ಲಿ ಅನೇಕ ವರ್ಷಗಳಲ್ಲಿ, ಗದ್ದದ ಚರ್ಮ ಸುಕ್ಕುಗಟ್ಟಿ, ಬಣ್ಣಗೆಟ್ಟು, ಒಣಗಿ, ವಾಸಿಯಾಗದ ವ್ರಣಗಳಾಗಿ, ಅರ್ಬುದರೋಗಕ್ಕೆ ತಿರುಗಿತು. 1930ರ ಸುಮಾರಿಗೆ ಆ ಸಂಸ್ಥೆ ಮುಚ್ಚಿದರೂ ಗುಪ್ತವಾಗಿ ಈ ಚಿಕಿತ್ಸೆ ನಡೆಯುತ್ತಲೇ ಇದ್ದು, ಅದು ಅಪಾಯಕರವೆಂದು ಅಮೆರಿಕದ ವೈದ್ಯಪತ್ರಿಕೆ 1947ರಲ್ಲಿಯೂ ಸಾರಬೇಕಾಯಿತು. ಟ್ರಿಕೊ ಸಂಸ್ಥೆ ಮುಚ್ಚಿದ ವೇಳೆಗೇ ‘ಕೊರೆಮ್ಲು’ ಎಂಬ ಕ್ರೀಮು ಮಾರಾಟಕ್ಕೆ ಬಂದಿದ್ದಿತು. ಅದರಲ್ಲಿದ್ದ ವಸ್ತು ಥಾಲಿಯಮ್ ಅಸಿಟೇಟ್. ಇಲಿಪಾಷಾಣವಾಗಿಯೂ ಬಳಕೆಯಲ್ಲಿದ್ದ ವಿಷ. ಮೇಲ್ದುಟಿಯ ನಾಲ್ಕು ಕೂದಲಿಗಾಗಿ ಅದನ್ನು ಹಚ್ಚಿಕೊಂಡವರಲ್ಲಿ ಕೆಲವರಿಗೆ ತಲೆಗೂದಲು ಉದುರಿತು, ಕಾಲುಗಳ ಶಕ್ತಿ ಹೋಯಿತು, ದೃಷ್ಟಿ ಮಂದವಾಯಿತು. ಪರಿಹಾರದ ದಾವೆಗಳ ಭಾರಕ್ಕೆ ಆ ಕಂಪನಿ 1932ರಲ್ಲಿ ದಿವಾಳಿಯೆದ್ದಿತು. ಕಾಂತಿವರ್ಧಕಗಳನ್ನೂ ಕಾನೂನಿನ ಹಿಡಿತಕ್ಕೆ ತಂದ 1938ರ ಅಮೆರಿಕದ ಶಾಸನದ ಹಿಂದೆ ಇಂತಹ ದುರಂತಗಳ ಒತ್ತಾಯವಿದ್ದಿತು. ಭಾರತದಲ್ಲಿ 1940ರ ಔಷಧ ಕಾಯಿದೆಯ ವ್ಯಾಪ್ತಿಗೆ ಕಾಂತಿವರ್ಧಕಗಳು ಸೇರಿದ್ದು 1962ರ ತಿದ್ದುಪಡಿಯಿಂದ. ಈ ಪ್ರಕರಣಗಳಲ್ಲಿ ಹೆಂಗಸರ ಅವಿವೇಕವನ್ನು ಕಾಣುವವರುಂಟು. ಅದು ಅನ್ಯಾಯ. ಮುಖವನ್ನು ಕಂಡು ನಗುವವರ ನಡುವೆ ಬದುಕಬೇಕಾಗಿದ್ದವರು, ವೈದ್ಯನೊಬ್ಬನ ಹೆಸರಿನ ಭರವಸೆಯನ್ನು ನಂಬಿದರೆ ಅದು ಅವರ ತಪ್ಪಲ್ಲ.

ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಮಾತಿನ ಮೃದುತ್ವವನ್ನು ತಡವಾಗಿ ಕಲಿಯಿತು. ಮುಟ್ಟು ನಿಂತ ಸ್ತ್ರೀಯರಲ್ಲಿ ಮಧುಮೇಹವೂ ಮುಖರೋಮವೂ ಜತೆಯಾಗಿ ತೋರುವುದನ್ನು 1921ರಲ್ಲಿ ಪ್ಯಾರಿಸ್ಸಿನ ಅಶಾರ್ ಮತ್ತು ತಿಯೆರ್ ವರ್ಣಿಸಿದಾಗ ಅದಕ್ಕೆ ಇಟ್ಟ ಹೆಸರು ‘ಗಡ್ಡದ ಹೆಂಗಸರ ಮಧುಮೇಹ’. 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ಎಂಬ ಆಂಗ್ಲ ವೈದ್ಯರು, ದೇಹದ ಹನ್ನೊಂದು ಭಾಗಗಳಲ್ಲಿನ ಕೂದಲಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನು ರೂಪಿಸಿದ ಮೇಲೆ, ಹೀಯಾಳಿಕೆಯ ಜಾಗದಲ್ಲಿ ಎಣಿಕೆ ಬಂದಿತು. ಕ್ಷೌರಮಾಡಿದರೆ ಕೂದಲು ದಪ್ಪವಾಗುತ್ತದೆಂಬ ಸಾರ್ವತ್ರಿಕ ಭೀತಿ ನಿರಾಧಾರವೆಂದು ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾಶಾಸ್ತ್ರಜ್ಞೆ 1928ರಷ್ಟು ಹಿಂದೆಯೇ ತೋರಿಸಿದ್ದರು. ಆ ಭೀತಿ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ.

2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಫ್ಲೋರ್ನಿಥೀನ್ ಕ್ರೀಮು ಕೂದಲನ್ನು ಕೀಳುವುದಿಲ್ಲ, ಅದರ ಬೆಳವಣಿಗೆಯನ್ನು ಮಂದಗೊಳಿಸುತ್ತದೆ. ಹಚ್ಚುವುದನ್ನು ಬಿಟ್ಟರೆ ಸುಮಾರು ಎರಡು ತಿಂಗಳಲ್ಲಿ ಎಲ್ಲವೂ ಮೊದಲಿನಂತೆ. ಅರ್ಬುದಕ್ಕೆಂದು ಶೋಧಿಸಲ್ಪಟ್ಟ ಈ ಔಷಧ ಆಫ್ರಿಕದ ನಿದ್ರಾರೋಗದಲ್ಲಿ ಸಾವಿನ ಅಂಚಿನವರನ್ನು ಬದುಕಿಸುತ್ತಿದ್ದಿತು. ಕೊಳ್ಳುವ ಶಕ್ತಿಯಿಲ್ಲದ ರೋಗಿಗಳಿಂದ ಲಾಭವಿಲ್ಲವೆಂದು ಅದರ ತಯಾರಿಕೆ ನಿಂತುಹೋಗಿದ್ದ ಹೊತ್ತಿನಲ್ಲಿಯೇ ಅದೇ ವಸ್ತು ಮುಖದ ಲೇಪವಾಗಿ ಪೇಟೆಗೆ ಬಂದಿತು. ಗಡಿಯಿಲ್ಲದ ವೈದ್ಯರ ಸಂಘ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಒತ್ತಾಯದ ಫಲವಾಗಿ 2001ರಲ್ಲಿ ನಿದ್ರಾರೋಗದ ಔಷಧದ ಪೂರೈಕೆ ಪುನಃ ಏರ್ಪಟ್ಟಿತು.

1983ರಲ್ಲಿ ಆ್ಯಂಡರ್‌ಸನ್ ಮತ್ತು ಪ್ಯಾರಿಷ್ ಪ್ರತಿಪಾದಿಸಿದ ತತ್ತ್ವವನ್ನು ಆಧರಿಸಿ, 1990ರ ದಶಕದಲ್ಲಿ ಲೇಸರ್ ಚಿಕಿತ್ಸೆ ರೂಢಿಗೆ ಬಂದಿತು. ಕೂದಲಿನ ಕಪ್ಪು ವರ್ಣದ್ರವ್ಯವು ಬೆಳಕನ್ನು ಹೀರಿ ಕಾದು ಬೇರನ್ನು ಸುಡುವುದೇ ಇದರ ಕ್ರಮವಾದ್ದರಿಂದ, ಕಪ್ಪು ಮೈಬಣ್ಣದವರಲ್ಲಿ ಚರ್ಮವೂ ಸುಡದಂತೆ ದೀರ್ಘ ತರಂಗದ ಯಂತ್ರವನ್ನು ಆರಿಸಬೇಕಾಗುತ್ತದೆ. ವಯಸ್ಸಾದವರಿಗೆ ತೊಡಕು ಬೇರೆಯೇ ಇದೆ. ನರೆತ ಕೂದಲಿನಲ್ಲಿ ವರ್ಣದ್ರವ್ಯವೇ ಇಲ್ಲವಾಗಿ ಬೆಳಕು ಅದನ್ನು ಕಾಣದೆ ಹಾದುಹೋಗುತ್ತದೆ. ನಲವತ್ತರಲ್ಲಿ ನೆರವಾಗುವ ಯಂತ್ರ ಎಪ್ಪತ್ತರಲ್ಲಿ ನಿಷ್ಪ್ರಯೋಜಕ. ಆಗ ಮಿಶೆಲರ ಸೂಜಿ, ಇಲ್ಲವೇ ದಾರ, ಇಲ್ಲವೇ ಚಿಮಟಿಗೆ.

ಚಿಮಟಿಗೆಗೆ ಕಣ್ಣು ಬೇಕು, ನಡುಗದ ಕೈ ಬೇಕು. ಇವೆರಡೂ ಕೈಬಿಡುವ ವಯಸ್ಸಿನಲ್ಲಿಯೇ ಕೂದಲು ಒರಟಾಗುವುದರಿಂದ, ಈ ಕೆಲಸ ಇನ್ನೊಬ್ಬರ ಪಾಲಿಗೆ ಬರುತ್ತದೆ. ಹಾಸಿಗೆ ಹಿಡಿದವರನ್ನೂ ಮರೆವಿನ ರೋಗದವರನ್ನೂ ನೋಡಿಕೊಳ್ಳುವವರು ತಲೆ ಬಾಚುತ್ತಾರೆ, ಉಗುರು ಕತ್ತರಿಸುತ್ತಾರೆ. ಗದ್ದವನ್ನು ಕುರಿತು ಕೇಳಲು ಸಂಕೋಚಪಡುತ್ತಾರೆ. ಜೀವಮಾನವೆಲ್ಲ ಗುಟ್ಟಾಗಿ ಕಿತ್ತುಕೊಂಡು ಬಂದಾಕೆಗೆ ಆ ಒಂದು ಪ್ರಶ್ನೆ ಎಷ್ಟು ದೊಡ್ಡ ಉಪಕಾರವೆಂಬುದು, ಅದನ್ನು ಕೇಳಿದವರಿಗೆ ಮಾತ್ರ ಗೊತ್ತು. ಬೆಳಗಿನ ಓರೆಬಿಸಿಲು ಬೀಳುವ ಜಗಲಿಯಲ್ಲಿ ಅಜ್ಜಿ ಕಂಬಕ್ಕೊರಗಿ ಗದ್ದವೆತ್ತಿ ಕಣ್ಣುಮುಚ್ಚಿ ಕುಳಿತಿರುತ್ತಾಳೆ. ಮೊಮ್ಮಗಳು ಎಡಗೈಯಿಂದ ಸಡಿಲ ಚರ್ಮವನ್ನು ಬಿಗಿಹಿಡಿದು, ಕಣ್ಣಿಗೆ ತಪ್ಪಿಸಿಕೊಂಡ ಬಿಳಿಗೂದಲನ್ನು ಹೆಬ್ಬೆರಳಿನಿಂದ ತಡವಿ ಹುಡುಕಿ, ಬೆಳೆದ ದಿಕ್ಕಿಗೇ ಒಂದೇ ಎಳೆತಕ್ಕೆ ಕೀಳುತ್ತಾಳೆ. ‘ಇನ್ನೊಂದು ಇದೆ ನೋಡು, ಇಲ್ಲಿ’ ಎಂದು ಅಜ್ಜಿ ತನ್ನ ಬೆರಳನ್ನೇ ಅಲ್ಲಿಗೆ ಕೊಂಡೊಯ್ದು ತೋರಿಸುತ್ತಾಳೆ.